‘ಒಟಿಪಿ ಯಾರಿಗೂ ಹೇಳಬೇಡಿ’ ಅಂದರೆ ಸಾಕೇ?

ಗೃಹಲಕ್ಷ್ಮಿ ಕಂತು ತಡವಾದ ತಿಂಗಳು ನವಲಗುಂದ, ಅಣ್ಣಿಗೇರಿ ಕಡೆಯ ಯಾವುದಾದರೂ ಗ್ರಾಮ ಒನ್ ಕೇಂದ್ರದ ಮುಂದೆ ನಿಂತು ನೋಡಬೇಕು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಾರೆ. ‘ಅವ್ವಾರ, ಫೋನಿಗೆ ಒಟಿಪಿ ಬಂದೈತಿ, ನೋಡಿ ಹೇಳ್ರಿ’ ಎನ್ನುತ್ತಾನೆ ಕಂಪ್ಯೂಟರ್ ಮುಂದಿನ ಹುಡುಗ. ಓದಲು ಬಾರದವರು ಫೋನನ್ನೇ ಅವನ ಕೈಗಿಡುತ್ತಾರೆ. ಆ ನಂಬರು ಹುಬ್ಬಳ್ಳಿಯಲ್ಲಿರುವ ಮಗನದಾಗಿದ್ದರೆ ಅವನಿಗೆ ಕರೆ ಹೋಗುತ್ತದೆ. ಅವನು ಹೇಳಿದ ಆರು ಅಂಕಿಯನ್ನು ಇವರು ಎಲ್ಲರೆದುರು ಗಟ್ಟಿಯಾಗಿ ಒಪ್ಪಿಸುತ್ತಾರೆ.

ಅದೇ ತಾಯಿ ಬ್ಯಾಂಕಿಗೆ ಹೋದರೆ ಗೋಡೆಯ ಮೇಲೆ ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಪೋಸ್ಟರು. ಆದರೆ ಪಿಎಂ ಕಿಸಾನ್ ಇ-ಕೆವೈಸಿಯಿಂದ ಹಿಡಿದು ಹತ್ತಾರು ಕೆಲಸಕ್ಕೆ ಹಳ್ಳಿಯ ಜನ ಒಟಿಪಿಯನ್ನು ಇನ್ನೊಬ್ಬರಿಗೆ ಹೇಳಲೇಬೇಕು. ಹೇಳದಿದ್ದರೆ ಕೆಲಸ ಆಗುವುದಿಲ್ಲ. ಕೇಳಿದ ಕೂಡಲೇ ಹೇಳುವ ಈ ರೂಢಿಯೇ ವಂಚಕರ ದೊಡ್ಡ ಬಂಡವಾಳ ಎಂದು ನನಗನ್ನಿಸುತ್ತದೆ. ಮೋಸ ಹೋದವರನ್ನು ‘ತಿಳಿವಳಿಕೆ ಇಲ್ಲ’ ಎಂದು ಬೈಯುವವರು ಇದನ್ನು ಯೋಚಿಸಬೇಕು. ಹಳ್ಳಿಯ ಜನರಿಗೆ ಬೇಕಾದ ಮಾತು ಬೇರೆ: ಎದುರಿಗೆ ಕೂತು, ನೀವಾಗಿಯೇ ಕೇಳಿದ ಕೆಲಸ ಮಾಡಿಕೊಡುತ್ತಿರುವವರಿಗೆ ಮಾತ್ರ ಒಟಿಪಿ ಹೇಳಿ, ಅದೂ ಮೆಸೇಜು ಯಾತಕ್ಕೆ ಬಂದಿದೆ ಎಂದು ಪೂರ್ತಿ ಓದಿಸಿಕೊಂಡ ಮೇಲೆ. ಬ್ಯಾಂಕಿನಿಂದ ಬಂದ ಒಟಿಪಿಯಾದರೆ ಅವರಿಗೂ ಬೇಡ. ತಾನಾಗಿ ಬಂದ ಫೋನ್ ಕರೆಗಂತೂ ಯಾವ ಒಟಿಪಿಯೂ ಇಲ್ಲ.

ಒಟಿಪಿ ಕೇಳದೆಯೂ ಕದಿಯುವ ದಾರಿಗಳಿವೆ. 2019ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಕಿಸಾನ್ ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ ಕೊಡುತ್ತದೆ. ಅದೇ ಹೆಸರಿಟ್ಟ ಎಪಿಕೆ ಫೈಲುಗಳು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲುಗಳು, ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಒತ್ತಿ ಇನ್‌ಸ್ಟಾಲ್ ಮಾಡಿದರೆ ಅದು ಮೆಸೇಜು ಓದುವ ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಬ್ಯಾಂಕಿನ ಒಟಿಪಿ ನೇರ ಕಳ್ಳನಿಗೇ ಹೋಗುತ್ತದೆ. ಎಷ್ಟೋ ಸಲ ನಿಮ್ಮ ವಾಟ್ಸಾಪ್ ಖಾತೆಯೂ ಅವನ ಕೈಸೇರಿ, ಅದೇ ಫೈಲು ನಿಮ್ಮ ಹೆಸರಿನಲ್ಲಿ ಊರಿನ ಗ್ರೂಪುಗಳಿಗೆಲ್ಲ ಹರಡುತ್ತದೆ. ‘ನಮ್ಮ ಕಾಕಾನೇ ಕಳಿಸ್ಯಾರ’ ಎಂದು ಉಳಿದವರೂ ಒತ್ತುತ್ತಾರೆ. ಒತ್ತಿಬಿಟ್ಟಿದ್ದರೆ ಮೊದಲು ನೆಟ್ ಬಂದ್ ಮಾಡಿ, ಸಿಮ್ ತೆಗೆದು, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಬೇಕು.

ಹೆಬ್ಬೆಟ್ಟಿನ ಕಥೆ ಇನ್ನೂ ಕಷ್ಟದ್ದು. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಒಟಿಪಿಯಿಲ್ಲದೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚುಗಳನ್ನು ನಕಲು ಮಾಡಿ, ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಬಳಸುವ ಆಧಾರ್ ಪಾವತಿ ವ್ಯವಸ್ಥೆಯಿಂದಲೇ ಹಣ ಎಳೆದಿದ್ದರು. ಪೊಲೀಸರು ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ ಎಂದರು. ಒಳ್ಳೆಯ ಸಲಹೆ, ನಗರದವರಿಗೆ. ಕುಂದಗೋಳದ ಹಳ್ಳಿಯಲ್ಲಿ ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲಿ ಥಂಬ್ ಹತ್ತುವುದಿಲ್ಲ. ತೆರೆಯಲು ಮತ್ತೆ ಫೋನು, ಮತ್ತೆ ಒಟಿಪಿ. ಆದ್ದರಿಂದ ಖಾತೆ ಬೇರ್ಪಡಿಸುವುದೇ ಮೇಲು. ಹೆಸರು, ಮೆಣಸಿನಕಾಯಿ ಮಾರಿದ ರೊಕ್ಕ ಎಟಿಎಂ ಕಾರ್ಡು, ಯುಪಿಐ, ಆಧಾರ್ ಜೋಡಣೆ ಯಾವುದೂ ಇಲ್ಲದ ಖಾತೆಯಲ್ಲಿರಲಿ. ಫೋನ್‌ಪೇಗೆ, ಥಂಬಿಗೆ ಸಿಗುವ ಖಾತೆಯಲ್ಲಿ ಸಂತೆಯ ಖರ್ಚಿನಷ್ಟು ಮಾತ್ರ. ಬ್ಯಾಂಕಿನವರೇ ಇದನ್ನು ರೈತರಿಗೆ ಕರೆದು ಹೇಳಬೇಕಿತ್ತು.

ಹಳೇ ನಂಬರಿನ ಕಡೆಗೂ ಗಮನ ಬೇಕು. ರೀಚಾರ್ಜ್ ಇಲ್ಲದೆ ಬಂದ್ ಆದ ಸಿಮ್ಮಿನ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಪಾಸ್‌ಬುಕ್ಕಿಗೂ ಆಧಾರ್‌ಗೂ ಆ ನಂಬರೇ ಜೋಡಣೆಯಾಗಿದ್ದರೆ ನಿಮ್ಮ ಒಟಿಪಿ ಯಾರೋ ಅಪರಿಚಿತರಿಗೆ ಬರುತ್ತಿರುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹೆದರಿಕೆ ಎದುರಾದಾಗ ಮನುಷ್ಯ ಸೋಲುತ್ತಾನೆ. 2025ರ ಮಾರ್ಚ್‌ನಲ್ಲಿ, ನಮ್ಮ ಧಾರವಾಡ ಜಿಲ್ಲೆಯ ಗಡಿಗೆ ಹತ್ತಿರದ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ಎಂಬತ್ತರ ಆಸುಪಾಸಿನ ದಂಪತಿ ಪ್ರಾಣ ಕಳೆದುಕೊಂಡರು. ದೆಹಲಿಯ ಅಧಿಕಾರಿಗಳೆಂದು ಹೇಳಿಕೊಂಡವರು, ನಿಮ್ಮ ಹೆಸರಿನ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಬೆದರಿಸಿ 50 ಲಕ್ಷಕ್ಕೂ ಹೆಚ್ಚು ಹಣ ಸುಲಿದಿದ್ದರು. ಆ ಹಿರಿಯರು ಬರೆದಿಟ್ಟ ಪತ್ರದಲ್ಲಿ ಕರೆ ಮಾಡಿದವರು ಹೇಳಿಕೊಂಡಿದ್ದ ಹೆಸರುಗಳಿದ್ದವು. ಇದಕ್ಕೂ ಐದು ತಿಂಗಳು ಮೊದಲು, 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ದೇಶಕ್ಕೆಲ್ಲ ಕೇಳಿಸಿದ್ದು ಇಂಥದ್ದೇ ಬೆದರಿಕೆಯ ಕರೆಯನ್ನು. ಅದನ್ನು ಚಿತ್ರೀಕರಿಸಿದ್ದವರು ವಿಜಯಪುರದವರು. ಇಂಥ ಕರೆಯವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಯಾವ ಪೊಲೀಸರೂ ವಿಡಿಯೊ ಕಾಲಿನಲ್ಲಿ ಬಂಧಿಸುವುದಿಲ್ಲ, ಬಿಡುಗಡೆಗೆ ಹಣವನ್ನೂ ಹಾಕಿಸಿಕೊಳ್ಳುವುದಿಲ್ಲ.

ಇಂಥ ಕರೆಯವರು ಮೊದಲು ಹಾಕುವ ಷರತ್ತು ‘ಮನೆಯವರಿಗೂ ಹೇಳಬೇಡಿ’. ರೊಕ್ಕ ಹೋದ ಮೇಲೆ ನಾಚಿಕೆ, ಮಕ್ಕಳು ಬೈದಾರೆಂಬ ಅಂಜಿಕೆ ಅದೇ ಷರತ್ತನ್ನು ಮುಂದುವರಿಸುತ್ತವೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಎಟಿಎಂನಿಂದ ಹೊರಬಿದ್ದಿರುತ್ತದೆ. ಮೊದಲ ತಾಸಿನಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಮುಂದಿನ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಅವಕಾಶ ಇರುತ್ತದೆ. ಪಾಸ್‌ಬುಕ್ಕು, ಹಣ ಹೋದ ವೇಳೆ, ಮೊತ್ತ, ಮೆಸೇಜಿನಲ್ಲಿರುವ ವಹಿವಾಟು ಸಂಖ್ಯೆ ಕೈಯಲ್ಲಿರಲಿ. ಮಕ್ಕಳು ಆ ಹೊತ್ತಿನಲ್ಲಿ ಬೈಯುವ ಬದಲು ಆ ಸಂಖ್ಯೆ ಹುಡುಕಿಕೊಡಬೇಕು.

ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಹೋದ ಹಣದ ಬಗ್ಗೆ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಮಾತಿನಲ್ಲಿ ಹೇಳಿ ಬಂದರೆ ಆ ಮೂರು ದಿನಕ್ಕೆ ಸಾಕ್ಷಿ ಇರುವುದಿಲ್ಲ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಂಡೇ ಮನೆಗೆ ಬನ್ನಿ.