ನಿಮಗಿದು ಗೊತ್ತೇ? ನಿಧಿ ಹುಡುಕಹೋದವರಿಗೆ ಹೆಣ ಸಿಕ್ಕ ಆಟ

ಹುಲಿ, ಆಡು, ಹುಲ್ಲಿನ ಹೊರೆ. ಒಂದೊಂದಾಗಿ ದೋಣಿಯಲ್ಲಿ ಹೊಳೆ ದಾಟಿಸಬೇಕು. ಹುಲಿ ಆಡನ್ನು ತಿನ್ನಬಾರದು, ಆಡು ಹುಲ್ಲಿಗೆ ಬಾಯಿ ಹಾಕಬಾರದು. ಮಲಪ್ರಭೆಯ ದಂಡೆಯ ಮನೋಳಿಯವರಿಗೆ ಹೊಸದೇನಲ್ಲದ ಈ ಒಗಟು, ಸಾವಿರ ವರ್ಷಕ್ಕೂ ಹಳೆಯದಾದ ಲ್ಯಾಟಿನ್ ಸಂಗ್ರಹವೊಂದರಲ್ಲೂ ಇದೆ. ಅಲ್ಲಿ ಹುಲಿಯ ಬದಲು ತೋಳ, ಹುಲ್ಲಿನ ಬದಲು ಎಲೆಕೋಸು. ಏಳು ಸಲ ಹೊಳೆ ದಾಟಿದರೆ ಕೆಲಸ ಮುಗಿಯುತ್ತದೆ. ಗುಟ್ಟಿರುವುದು ಒಂದೇ ಕಡೆ: ಆಚೆ ಬಿಟ್ಟುಬಂದ ಆಡನ್ನು ನಡುವೆ ಒಮ್ಮೆ ಈಚೆ ತರಬೇಕು!

ಇದೇ ಬಳಗದ ಇನ್ನೊಂದು ಒಗಟು, ಮೂರು ತೋಳ ಮತ್ತು ಮೂರು ಕೋಳಿಮರಿಗಳದ್ದು, 2007ರ ಜಪಾನಿ ವಿಡಿಯೋ ಗೇಮ್ ‘ಪ್ರೊಫೆಸರ್ ಲೇಟನ್ ಆ್ಯಂಡ್ ದ ಕ್ಯೂರಿಯಸ್ ವಿಲೇಜ್’ನಲ್ಲಿದೆ. ಆಟದ ಊರಲ್ಲಿ ಯಾರನ್ನು ಮಾತಾಡಿಸಿದರೂ ಮೊದಲು ಒಗಟು. ಒಗಟುಗಳ ಹೊಣೆ ಹೊತ್ತವರು ಮನಶ್ಶಾಸ್ತ್ರಜ್ಞ ಅಕಿರಾ ತಾಗೊ.

ಸವಾಲಿಗೆ ಉತ್ತರ ಕೊಟ್ಟೇ ಮುಂದೆ ಸಾಗುವ ಪದ್ಧತಿ ನಮ್ಮ ಗೀಗೀ ಮೇಳಗಳಲ್ಲೂ ಉಂಟು. ಹರದೇಶಿಯವರು ಶಿವ ದೊಡ್ಡವನೆಂದರೆ ನಾಗೇಶಿಯವರು ಶಕ್ತಿಯೇ ದೊಡ್ಡವಳೆನ್ನುತ್ತಾರೆ. ಹಾಡಿನಲ್ಲಿ ಹಾಕಿದ ಸವಾಲಿಗೆ ಹಾಡಿನಲ್ಲೇ ಜವಾಬು.

ಹೀಗೆಯೇ ಒಗಟು ಬಿಡಿಸುತ್ತ ಸಾಗುವ, ಕಂಪ್ಯೂಟರಿನ ಮೊದಲ ಸಾಹಸದ ಆಟದಲ್ಲಿ ಒಂದು ಚಿತ್ರವೂ ಇರಲಿಲ್ಲ. ವಿಲ್ ಕ್ರೌದರ್ ಎಂಬ ಅಮೆರಿಕದ ಪ್ರೋಗ್ರಾಮರ್‌ಗೆ ಗುಹೆ ಹೊಗುವ ಹವ್ಯಾಸ. ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಮಾತಿನಲ್ಲಿ ಕಟ್ಟಿ, ತಮ್ಮ ಹೆಣ್ಣುಮಕ್ಕಳಿಗಾಗಿ ‘ಕೊಲೋಸಲ್ ಕೇವ್ ಅಡ್ವೆಂಚರ್’ ಬರೆದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು.

ಅದರ ಹುಚ್ಚು ಹತ್ತಿಸಿಕೊಂಡ ರಾಬರ್ಟಾ ವಿಲಿಯಮ್ಸ್, ಪತಿ ಕೆನ್ ಜೊತೆ 1980ರಲ್ಲಿ ‘ಮಿಸ್ಟರಿ ಹೌಸ್’ ತಂದರು. ಕಥೆ ರಾಬರ್ಟಾ ಅವರದು, ಗೆರೆಚಿತ್ರಗಳೂ ಅವರವೇ. ಪ್ರೋಗ್ರಾಂ ಕೆನ್ ಅವರದು. ಆ್ಯಪಲ್ ಟೂ ಕಂಪ್ಯೂಟರಿಗೆ ಬಂದ ಇದು ಚಿತ್ರವಿರುವ ಮೊದಲ ಅಡ್ವೆಂಚರ್ ಗೇಮ್. ಫ್ಲಾಪಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಾರಿದರು. ಆಟದ ಆರಂಭ ಸರಳ: ಹಳೆಯ ದೊಡ್ಡ ಮನೆ, ಒಳಗೆ ಏಳು ಜನ, ಎಲ್ಲೋ ಬಚ್ಚಿಟ್ಟ ಆಭರಣ, ಸಿಕ್ಕವರಿಗೆ ಸಿಕ್ಕಿದ್ದು. ನೀವು ಖುಷಿಯಿಂದ ಕೋಣೆ ಕೋಣೆ ತಡಕುತ್ತೀರಿ. ಆಮೇಲೆ ಒಂದು ಹೆಣ. ಮತ್ತೊಂದು. ನಿಧಿಯ ಮಾತು ಹಿಂದೆ ಸರಿದು, ಕೊಲೆಗಾರನ ಕೈಗೆ ಸಿಗುವ ಮೊದಲು ಅವನಾರೆಂದು ಹಿಡಿಯುವುದೇ ಕೆಲಸವಾಗುತ್ತದೆ. ಸಿನಿಮಾದಲ್ಲಿ ಇಂಥ ತಿರುವು ಬಂದರೆ ನಾವು ನೋಡುವವರಷ್ಟೇ. ಇಲ್ಲಿ ಬಾಗಿಲು ತೆಗೆದ ಕೈ ನಮ್ಮದು. ನಡುಕ ಹುಟ್ಟುವುದು ಅದಕ್ಕೇ.

ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯ ಮೇಲೆ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವೂ ಹೀಗೇ ಹೊರಳುತ್ತದೆ. ಪ್ರೇಮ, ಚೇಷ್ಟೆ, ನಗು ಎಂದು ಕೂತವರ ಎದುರು ಸಂಗ್ಯಾನ ಜೀವದ ಗೆಳೆಯ ಬಾಳ್ಯಾನೇ, ಸಂಗ್ಯಾ ಪ್ರೀತಿಸಿದ ಗಂಗಾಳ ಗಂಡನ ಕಡೆ ಸೇರುತ್ತಾನೆ, ಸಂಗ್ಯಾ ಹೆಣವಾಗುತ್ತಾನೆ. ಮೊದಲರ್ಧದ ನಗು ಅಷ್ಟು ನಿಜವಾಗಿರದಿದ್ದರೆ ಆ ಕೊಲೆ ಇಷ್ಟು ಕಾಡುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಜಪಾನಿನಲ್ಲೂ ಒಬ್ಬ ನಂಬಿಕೆಯ ಬಂಟನಿದ್ದಾನೆ. ಯೂಜಿ ಹೊರೀ ರಚಿಸಿದ, 1983ರ ‘ಪೋರ್ಟೋಪಿಯಾ’ ಕೊಲೆ ಪ್ರಕರಣದ ಆಟದಲ್ಲಿ ನೀವು ಪತ್ತೇದಾರರು. ನಿಮ್ಮ ಅಪ್ಪಣೆಯನ್ನೆಲ್ಲ ನಡೆಸುವವನು ಸಹಾಯಕ ಯಾಸು. (ಆಡಬೇಕೆಂದಿರುವವರು ಮುಂದಿನ ವಾಕ್ಯ ಬಿಟ್ಟುಬಿಡಿ.) ಕೊಲೆಗಾರ ಅವನೇ. ಜಪಾನಿನಲ್ಲಿ ಈಗ ಆಟ ಆಡದವರಿಗೂ ಈ ಗುಟ್ಟು ಗೊತ್ತು.

ಕೊಲೆಗಾರನನ್ನು ಹುಡುಕದೆ ಒಗಟನ್ನೇ ನೆಚ್ಚಿ ಗೆದ್ದ ಆಟವೂ ಉಂಟು. 1993ರ ‘ಮಿಸ್ಟ್’ ಗೇಮನ್ನು ಕಟ್ಟಿದವರು ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು. ನಿರ್ಜನ ದ್ವೀಪ, ಬರೀ ಒಗಟು. 2002ರವರೆಗೆ ಅತಿ ಹೆಚ್ಚು ಮಾರಾಟವಾದ ಪಿಸಿ ಗೇಮ್ ಅದೇ.

‘ಮಿಸ್ಟರಿ ಹೌಸ್’ 1987ರಲ್ಲೇ ಸಾರ್ವಜನಿಕರ ಸ್ವತ್ತಾಯಿತು, ಈಗ ಯಾರಾದರೂ ಆಡಬಹುದು. ರಾಬರ್ಟಾ ಮತ್ತು ಕೆನ್ ಬಹುಕಾಲ ಗೇಮ್ ಲೋಕದಿಂದ ದೂರವಿದ್ದು, 2023ರಲ್ಲಿ ಮತ್ತೆ ಒಂದು ಆಟ ತಂದರು. ಯಾವುದು ಗೊತ್ತೇ? ತಮಗೆ ಮೊದಲು ಹುಚ್ಚು ಹಿಡಿಸಿದ ‘ಕೊಲೋಸಲ್ ಕೇವ್’, ಈ ಸಲ ಮೂರು ಆಯಾಮದ ಚಿತ್ರಗಳಲ್ಲಿ.