ಪ್ರಕೃತಿಯಿಂದ ಪಡೆದ ಗಡುವು

ಮಗನನ್ನು ಕಾಡಿಗೆ ಕಳುಹಿಸಿದ ದುಃಖದಲ್ಲಿ ದಶರಥ ಮಹಾರಾಜನು ಪ್ರಾಣಬಿಟ್ಟಾಗ ಅಯೋಧ್ಯೆಯ ಮಂತ್ರಿಗಳಿಗೆ ಶೋಕದ ನಡುವೆಯೇ ಒಂದು ಲೌಕಿಕ ಚಿಂತೆ ಎದುರಾಯಿತು. ಉತ್ತರಕ್ರಿಯೆ ನಡೆಸಬೇಕಾದ ಮಕ್ಕಳಲ್ಲಿ ಒಬ್ಬರೂ ಊರಿನಲ್ಲಿರಲಿಲ್ಲ. ರಾಮಲಕ್ಷ್ಮಣರು ವನದಲ್ಲಿ; ಭರತಶತ್ರುಘ್ನರು ದೂರದ ಕೇಕಯದಲ್ಲಿ. ದೂತರು ಹೋಗಿ ಭರತನನ್ನು ಕರೆತರುವವರೆಗೆ ರಾಜನ ದೇಹವನ್ನು ಕೆಡದಂತೆ ಇರಿಸುವುದು ಹೇಗೆ? ಎಣ್ಣೆ ತುಂಬಿದ ದ್ರೋಣಿಯೊಂದರಲ್ಲಿ ಅದನ್ನಿರಿಸಿ ಅವರು ಕಾದರೆಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ. ಕವಿ ಇದನ್ನು ಪವಾಡವೆಂದು ಬಣ್ಣಿಸುವುದಿಲ್ಲ. ಬಲ್ಲವರು ಮಾಡಬೇಕಾದ ಕೆಲಸವೆಂಬಂತೆ ಹೇಳಿ ಮುಂದೆ ಸಾಗುತ್ತಾನೆ.

ಶವಸಂರಕ್ಷಣೆಯೆಂಬ ವಿದ್ಯೆಯ ಉದ್ದೇಶವೆಲ್ಲ ಈ ಚಿಕ್ಕ ಪ್ರಸಂಗದಲ್ಲಿ ಅಡಗಿದೆ. ಸತ್ತವರನ್ನು ಚಿರಂಜೀವಿಗಳನ್ನಾಗಿ ಮಾಡುವೆವೆಂಬ ಹಂಬಲ ಅದರೊಡನೆ ಆಗಾಗ ಸೇರಿಕೊಂಡಿದೆಯಾದರೂ, ಅದರ ನಿಜವಾದ ಸಾರ್ಥಕ್ಯ ಬೇರೆ. ದೂರದಲ್ಲಿರುವವರು ಬಂದು ಮುಖ ನೋಡುವ ತನಕ, ಕಲಿಯುವವರು ಕಲಿತು ಮುಗಿಸುವ ತನಕ, ಪ್ರಕೃತಿಯಿಂದ ಒಂದಿಷ್ಟು ಗಡುವು ಕೇಳಿ ಪಡೆಯುವ ವಿದ್ಯೆ ಅದು. ಆಸ್ಪತ್ರೆಗಳಲ್ಲಿ ಇದನ್ನು ಎಂಬಾಮಿಂಗ್ ಎಂದೇ ಕರೆಯುತ್ತಾರೆ. ಅದನ್ನು ಮನುಷ್ಯನು ಹೇಗೆ ಕಲಿತ, ಇಂದು ಕಲಿಯುವವರು ಏನನ್ನು ಕಲಿಯುತ್ತಾರೆ ಎಂಬುದನ್ನು ಅರಿಯುವುದು ಕೇವಲ ಕುತೂಹಲದ ಮಾತಲ್ಲ.

ಉಪ್ಪು ಮತ್ತು ಹೊಳೆ

ಈ ವಿದ್ಯೆಯಲ್ಲಿ ಲೋಕವಿಖ್ಯಾತರಾದವರು ಪ್ರಾಚೀನ ಈಜಿಪ್ಟಿನವರು. ಅವರ ನಾಡಿನಲ್ಲಿ ನೇಟ್ರನ್ ಎಂಬ ಒಂದು ಬಗೆಯ ಸೋಡಾ ಉಪ್ಪು ಸಹಜವಾಗಿ ದೊರೆಯುತ್ತಿತ್ತು. ಮೆದುಳನ್ನು ಮೂಗಿನ ದಾರಿಯಿಂದ ತೆಗೆದು, ಕರುಳು, ಯಕೃತ್ತು ಮುಂತಾದವನ್ನು ಪಕ್ಕೆಯ ಸೀಳಿನಿಂದ ಹೊರತೆಗೆದು, ಹೃದಯವನ್ನು ಮಾತ್ರ ಒಳಗೇ ಬಿಟ್ಟು, ದೇಹವನ್ನು ಆ ಉಪ್ಪಿನಲ್ಲಿ ಸುಮಾರು ೪೦ ದಿನ ಮುಚ್ಚಿಡುತ್ತಿದ್ದರು. ನೀರೆಲ್ಲ ಆರಿದ ಮೇಲೆ ಎಣ್ಣೆ, ರಾಳಗಳನ್ನು ಸವರಿ ನಾರುಬಟ್ಟೆ ಸುತ್ತುತ್ತಿದ್ದರು. ಎಲ್ಲ ಸೇರಿ ೭೦ ದಿನಗಳ ಕೆಲಸ. ಈ ಕಸುಬಿನವರು ಮೂರು ದರ್ಜೆಯ ಕೆಲಸಕ್ಕೆ ಮೂರು ಬೆಲೆ ಹೇಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಬಡವ ಬಲ್ಲಿದರೆಂಬ ಭೇದ ಅಲ್ಲಿಯೂ ತಪ್ಪಲಿಲ್ಲ! ಇವರ ವಿದ್ಯೆಯ ತತ್ತ್ವ ನಮ್ಮ ಅಡುಗೆಮನೆಗಳಿಗೂ ಅಪರಿಚಿತವಲ್ಲ. ಉಪ್ಪು ನೀರನ್ನು ಹೀರುತ್ತದೆ. ನೀರಿಲ್ಲದೆಡೆಯಲ್ಲಿ ಕೊಳೆಯುವುದು ನಿಲ್ಲುತ್ತದೆ.

‘ಮಮ್ಮಿ’ ಎಂಬ ಹೆಸರು ಮಾತ್ರ ಈಜಿಪ್ಟಿನದಲ್ಲ. ಮೇಣವೆಂಬ ಅರ್ಥದ ಪಾರಸಿ ಮಾತೊಂದು ಅರಬ್ಬಿಯಲ್ಲಿ ‘ಮೂಮಿಯಾ’ ಎಂದಾಗಿ, ನೆಲದಲ್ಲಿ ಸಿಗುವ ಕಪ್ಪು ಡಾಂಬರಿಗೆ ಸಂದಿತು. ಕಪ್ಪಾಗಿದ್ದ ಆ ಪ್ರಾಚೀನ ದೇಹಗಳಿಗೆ ಡಾಂಬರು ಬಳಿದಿದ್ದಾರೆಂದು ಭ್ರಮಿಸಿದ ಜನ ಅದೇ ಹೆಸರನ್ನು ಅವಕ್ಕಿಟ್ಟರು.

ನಮ್ಮ ಸುಶ್ರುತನು ಹಿಡಿದ ಮಾರ್ಗ ಇದಕ್ಕೆ ತೀರ ವಿರುದ್ಧವಾದುದು. ಶಸ್ತ್ರವೈದ್ಯನಾಗಬೇಕಾದವನು ಮೃತದೇಹವನ್ನು ಕಣ್ಣಾರೆ ಶೋಧಿಸಿ ನೋಡಿರಬೇಕೆಂಬುದು ಅವನ ಕಟ್ಟಪ್ಪಣೆ. ಅದಕ್ಕಾಗಿ ಅವನು ಹೇಳಿದ ಕ್ರಮವೆಂದರೆ, ದೇಹವನ್ನು ಮುಂಜಹುಲ್ಲು ಮುಂತಾದವುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಮರೆಯಾದ ಸ್ಥಳದಲ್ಲಿ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಡುವುದು. ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಪದರ ಪದರವಾಗಿ ನೋಡುವುದು. ಈಜಿಪ್ಟಿನವರು ಹೊರರೂಪವನ್ನು ಉಳಿಸಿ ಒಳಗನ್ನು ಕಳೆದುಕೊಂಡರು. ಸುಶ್ರುತನ ಶಿಷ್ಯರು ಒಳಗನ್ನು ಕಂಡರು, ಆದರೆ ಕಾಣುತ್ತಿದ್ದಂತೆಯೇ ದೇಹ ಕರಗಿಹೋಗುತ್ತಿತ್ತು. ಒಳಹೊರಗೆರಡನ್ನೂ ಉಳಿಸುವ ದಾರಿ ತೆರೆಯಲು ಇನ್ನೂ ಬಹುಕಾಲ ಬೇಕಾಯಿತು.

ದೇಹದೊಳಗಿನ ಕಾಲುವೆಗಳು

೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆಂಬುದನ್ನು ಸಿದ್ಧಪಡಿಸಿ ಗ್ರಂಥ ಪ್ರಕಟಿಸಿದನು. ಹೃದಯದಿಂದ ಹೊರಟ ಅಪಧಮನಿಗಳು ಕೆರೆಯ ತೂಬಿನಿಂದ ಹೊರಟ ಕಾಲುವೆಗಳಂತೆ ಕವಲೊಡೆದು ಬೆರಳ ತುದಿಯವರೆಗೂ ಹೋಗುತ್ತವೆ. ಹಾಗಾದರೆ ರಕ್ತ ಹರಿದ ದಾರಿಯಲ್ಲಿಯೇ ಮದ್ದನ್ನೂ ಹರಿಸಬಹುದಲ್ಲವೆ? ಆಮ್ಸ್ಟರ್‌ಡ್ಯಾಮಿನ ಫ್ರೆಡರಿಕ್ ರೂಯಿಶ್ ಹೀಗೆ ರಕ್ತನಾಳಗಳಿಗೆ ದ್ರವವನ್ನು ಹಾಯಿಸಿ ಸಿದ್ಧಪಡಿಸಿದ ದೇಹಭಾಗಗಳ ಸಂಗ್ರಹ ಎಷ್ಟು ಪ್ರಸಿದ್ಧವಾಯಿತೆಂದರೆ, ರಷ್ಯದ ಪೀಟರ್ ಚಕ್ರವರ್ತಿ ೧೭೧೭ರಲ್ಲಿ ಅದನ್ನು ಕೊಂಡುಕೊಂಡನು. ಆದರೆ ರೂಯಿಶ್ ತನ್ನ ಮದ್ದನ್ನು ಬಹುಕಾಲ ಗುಟ್ಟಾಗಿಯೇ ಇಟ್ಟಿದ್ದನು. ಮುಂದೆ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಇಡೀ ದೇಹವನ್ನು ಅಪಧಮನಿಯ ಮೂಲಕವೇ ಸಂರಕ್ಷಿಸುವ ಕ್ರಮವನ್ನು ತನ್ನ ಶಿಷ್ಯರಿಗೆ ಬೋಧಿಸಿದನು. ಗುಟ್ಟಾಗಿದ್ದುದು ಪಾಠವಾಯಿತು.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗನಾಲ್ ಕತ್ತಿನ ಅಪಧಮನಿಯೊಂದರಿಂದಲೇ ಮದ್ದು ಹಾಯಿಸುವ ಕ್ರಮವನ್ನು ಬಳಕೆಗೆ ತಂದು, ೧೮೩೮ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿದನು. ಎರಡೇ ವರ್ಷಗಳಲ್ಲಿ ಅದರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಅಚ್ಚಾಯಿತು. ಆ ಕಾಲದ ಮದ್ದುಗಳಲ್ಲಿ ಪಾಷಾಣ ಸೇರಿರುತ್ತಿದ್ದುದು ಒಂದು ದೊಡ್ಡ ತೊಡಕಾಯಿತು. ಸತ್ತವನಿಗೆ ಯಾರೋ ವಿಷವಿಕ್ಕಿದ್ದಾರೆಂಬ ಸಂಶಯ ಬಂದರೆ, ದೇಹದಲ್ಲಿ ಸಿಕ್ಕ ಪಾಷಾಣ ಕೊಲೆಗಾರನದೋ ಸಂರಕ್ಷಕನದೋ ಹೇಳುವವರು ಯಾರು? ೧೮೪೬ರಲ್ಲಿ ಫ್ರಾನ್ಸಿನ ಸರ್ಕಾರ ಈ ಕೆಲಸಕ್ಕೆ ಪಾಷಾಣದ ಬಳಕೆಯನ್ನು ನಿಷೇಧಿಸಿತು.

ರಣರಂಗದಿಂದ ಊರಿಗೆ

ವಿದ್ವಾಂಸರ ಕೈಯಲ್ಲಿದ್ದ ಈ ವಿದ್ಯೆ ಜನಸಾಮಾನ್ಯರ ಮನೆಬಾಗಿಲಿಗೆ ಬಂದುದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. ೧೮೬೧ರಿಂದ ೧೮೬೫ರವರೆಗೆ ನಡೆದ ಆ ಯುದ್ಧದಲ್ಲಿ ಮಡಿದ ತರುಣರ ಊರುಗಳು ರಣರಂಗದಿಂದ ನೂರಾರು ಮೈಲಿ ದೂರದಲ್ಲಿದ್ದವು. ಮಗನನ್ನು ಊರಿನ ಮಣ್ಣಿಗೆ ತರಬೇಕೆಂದು ಬೇಡುವ ತಾಯಂದಿರು ಒಂದು ಕಡೆ. ಬೇಸಿಗೆಯ ಉರಿ, ನಿಧಾನವಾದ ರೈಲು ಇನ್ನೊಂದು ಕಡೆ. ಥಾಮಸ್ ಹೋಮ್ಸ್ ಮೊದಲಾದವರು ಆಗ ಮುಂದೆ ಬಂದರು. ತಾನು ನಾಲ್ಕು ಸಾವಿರಕ್ಕೂ ಮಿಕ್ಕಿ ದೇಹಗಳನ್ನು ಸಂರಕ್ಷಿಸಿದೆನೆಂದು ಹೋಮ್ಸ್ ಹೇಳಿಕೊಳ್ಳುತ್ತಿದ್ದನು. ದುಃಖವಿದ್ದಲ್ಲಿ ಅದನ್ನು ದುಡಿದುಕೊಳ್ಳುವವರೂ ಹುಟ್ಟುತ್ತಾರೆ. ಅರೆಬರೆ ಕಲಿತವರ ವಂಚನೆಯ ದೂರುಗಳು ಹೆಚ್ಚಿದುದರಿಂದ ೧೮೬೫ರಲ್ಲಿ ಸೇನಾಡಳಿತವು ಪರವಾನಗಿಯ ನಿಯಮವನ್ನು ತಂದಿತು.

ಅದೇ ವರ್ಷದ ಏಪ್ರಿಲ್ ೧೫ರಂದು ಅಧ್ಯಕ್ಷ ಲಿಂಕನ್ ಹಂತಕನ ಗುಂಡಿಗೆ ಬಲಿಯಾದನು. ಸಂರಕ್ಷಿತವಾದ ಅವನ ದೇಹವನ್ನು ಹೊತ್ತ ರೈಲು ಏಪ್ರಿಲ್ ೨೧ರಂದು ವಾಷಿಂಗ್ಟನ್ನಿನಿಂದ ಹೊರಟು, ಊರೂರಿನಲ್ಲಿ ನಿಂತು, ಮೇ ೩ರಂದು ಸ್ಪ್ರಿಂಗ್‌ಫೀಲ್ಡನ್ನು ಸೇರಿತು. ದಾರಿಯಲ್ಲಿ ಮುಖದ ಬಣ್ಣ ಕಂದತೊಡಗಿ ಅದನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಆದರೂ ಲಕ್ಷಾಂತರ ಜನ ತಮ್ಮ ನಾಯಕನ ಅಂತ್ಯದರ್ಶನ ಪಡೆದರು. ಈ ವಿದ್ಯೆಯ ಬಗ್ಗೆ ಅಮೆರಿಕದ ಜನರಲ್ಲಿದ್ದ ಹಿಂಜರಿಕೆ ಆ ಪ್ರಯಾಣದಿಂದ ಬಹುಮಟ್ಟಿಗೆ ಕಳೆಯಿತು. ೧೮೮೨ರಲ್ಲಿ ಸಿನ್ಸಿನ್ನಾಟಿ ನಗರದಲ್ಲಿ ಇದನ್ನು ಕಲಿಸುವ ಶಾಲೆಯೇ ಆರಂಭವಾಯಿತು.

ಇರುವೆಯ ಹೆಸರಿನ ಮದ್ದು

ಶಾಲೆ ಬಂದಿತು, ಒಳ್ಳೆಯ ಮದ್ದು ಬರುವುದು ಇನ್ನೂ ಬಾಕಿಯಿತ್ತು. ೧೮೯೩ರಲ್ಲಿ ಜರ್ಮನಿಯ ವೈದ್ಯ ಫರ್ಡಿನಾಂಡ್ ಬ್ಲೂಮ್, ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕವು ರೋಗಾಣುಗಳನ್ನು ಕೊಲ್ಲಬಲ್ಲುದೇ ಎಂದು ಪರೀಕ್ಷಿಸುತ್ತಿದ್ದನು. ಕೆಲಸದ ನಡುವೆ ತನ್ನ ಬೆರಳುಗಳ ಚರ್ಮವೇ ಗಡುಸಾದುದನ್ನು ಅವನು ಗಮನಿಸಿದನು. ಬದುಕಿದ ಬೆರಳನ್ನು ಗಡುಸಾಗಿಸಿದ್ದು ಸತ್ತ ಅಂಗಾಂಶವನ್ನೂ ಗಡುಸಾಗಿಸಬೇಕಲ್ಲವೆ? ಹಾಗೆಯೇ ಆಯಿತು. ಆ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರವವೇ ಇಂದು ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲಿ ಮೂಗಿಗೆ ಬಡಿಯುವ ಫಾರ್ಮಲಿನ್. ಲ್ಯಾಟಿನ್ನಿನಲ್ಲಿ ‘ಫಾರ್ಮಿಕ’ ಎಂದರೆ ಇರುವೆ. ಇರುವೆಗಳನ್ನು ಭಟ್ಟಿಯಿಳಿಸಿ ಪಡೆದ ಆಮ್ಲಕ್ಕೆ ಆ ಹೆಸರು ಬಂದು, ಅದರ ಬಂಧುವಾದ ಈ ರಾಸಾಯನಿಕಕ್ಕೂ ಅಂಟಿಕೊಂಡಿತು. ಸತ್ತ ದೇಹವನ್ನು ಮುತ್ತುವ ಇರುವೆಯ ಹೆಸರು ಅದನ್ನು ಕಾಯುವ ಮದ್ದಿಗೆ ಬಂದುದು ಭಾಷೆಯ ವಿನೋದವೆನ್ನಬೇಕು.

ಮೊದಲು ತತ್ತ್ವ, ಬಳಿಕ ಪ್ರಯೋಗ

ಕಲಿಯುವವರು ಮೊದಲು ತಿಳಿಯಬೇಕಾದುದು ಸಾವಿನ ಅನಂತರ ದೇಹದಲ್ಲಿ ನಡೆಯುವ ವ್ಯಾಪಾರಗಳನ್ನು. ಉಸಿರು ನಿಂತೊಡನೆ ಎಲ್ಲವೂ ನಿಶ್ಚಲವಾಗುವುದಿಲ್ಲ. ಮೈ ತಣ್ಣಗಾಗುತ್ತದೆ, ರಕ್ತವು ತಗ್ಗಿನ ಭಾಗಕ್ಕಿಳಿದು ಅಲ್ಲಿ ಕಂದುಗೆಂಪು ಕಲೆಗಳನ್ನು ಮೂಡಿಸುತ್ತದೆ, ಕೆಲವು ಗಂಟೆಗಳಲ್ಲಿ ಸ್ನಾಯುಗಳು ಮರಗಟ್ಟಿ ಮತ್ತೆ ಸಡಿಲವಾಗುತ್ತವೆ. ಜೀವಕೋಶಗಳು ತಮ್ಮದೇ ರಸಗಳಿಂದ ಕರಗತೊಡಗುತ್ತವೆ. ಬದುಕಿದ್ದಾಗ ಕರುಳಿನಲ್ಲಿ ತೆಪ್ಪಗಿದ್ದ ಸೂಕ್ಷ್ಮಜೀವಿಗಳು ಗಡಿ ದಾಟುತ್ತವೆ. ಹೊಟ್ಟೆಯ ಬಲಭಾಗದ ಕೆಳಗೆ ಹಸಿರು ಛಾಯೆ ಮೂಡುವುದು ಅವುಗಳ ಮೊದಲ ಗುರುತು. ಸೆಕೆಯ ನಾಡಿನಲ್ಲಿ ಇವೆಲ್ಲ ಬೇಗ ನಡೆಯುತ್ತವೆ. ಶೀತಲ ಪೆಟ್ಟಿಗೆ ಈ ವ್ಯಾಪಾರವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಫಾರ್ಮಲಿನ್ನಾದರೋ ಅಂಗಾಂಶದ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಬಿಗಿದು, ಸೂಕ್ಷ್ಮಜೀವಿಗಳ ಪಾಲಿಗೆ ಅವು ಆಹಾರವಾಗದಂತೆ ಮಾಡುತ್ತದೆ.

ಇನ್ನು ಕೈಕೆಲಸ. ಮೊದಲನೆಯ ಹೆಜ್ಜೆ ಕಾಗದಪತ್ರ. ಮರಣದ ಪ್ರಮಾಣಪತ್ರವಿದೆಯೆ? ಸಂಶಯಾಸ್ಪದ ಸಾವಾದರೆ ಶವಪರೀಕ್ಷೆ ಮುಗಿದಿದೆಯೆ? ಒಮ್ಮೆ ಮದ್ದು ಒಳಹೊಕ್ಕರೆ ಎಷ್ಟೋ ಸಾಕ್ಷ್ಯಗಳು ಅಳಿದುಹೋಗುತ್ತವೆ. ಆಮೇಲೆ ದೇಹವನ್ನು ತೊಳೆದು, ಮರಗಟ್ಟಿದ ಕೀಲುಗಳನ್ನು ನೀವಿ ಸಡಿಲಿಸಿ, ಕಣ್ಣು ಬಾಯಿಗಳನ್ನು ಮುಚ್ಚಿ ಸರಿಪಡಿಸಬೇಕು. ಒಮ್ಮೆ ಗಡುಸಾದ ಮೇಲೆ ಮುಖಭಾವವನ್ನು ತಿದ್ದಲಾಗದು. ತೊಡೆಯಲ್ಲಿಯೋ ಕತ್ತಿನಲ್ಲಿಯೋ ಚಿಕ್ಕ ಸೀಳು ಮಾಡಿ ಅಪಧಮನಿಯನ್ನು ಹುಡುಕಿ ನಳಿಕೆಯನ್ನು ಕಟ್ಟುತ್ತಾರೆ. ಎತ್ತರದಲ್ಲಿಟ್ಟ ಪಾತ್ರೆಯಿಂದಾಗಲಿ ಪಂಪಿನಿಂದಾಗಲಿ ಫಾರ್ಮಲಿನ್, ಗ್ಲಿಸರಿನ್, ಮದ್ಯಸಾರ, ನೀರು ಮುಂತಾದವುಗಳ ಮಿಶ್ರಣ ಒಳಗಿಳಿಯುತ್ತದೆ. ಅಂಗಚ್ಛೇದನದ ಪಾಠಕ್ಕಾಗಿ ಇಡುವ ವಯಸ್ಕರ ದೇಹಕ್ಕೆ ಸುಮಾರು ಹತ್ತು ಲೀಟರ್ ಹಿಡಿಯುತ್ತದೆ.

ವಿದ್ಯೆಯ ಕಷ್ಟವೆಲ್ಲ ಇಲ್ಲಿಂದ ಮುಂದೆ. ಆತುರದಿಂದ ಒತ್ತಿದರೆ ಮುಖ ಊದಿಕೊಳ್ಳುತ್ತದೆ. ಮದ್ದು ತೀಕ್ಷ್ಣವಾದರೆ ನಾಳಗಳು ಬಿಗಿದುಕೊಂಡು ದಾರಿಯೇ ಮುಚ್ಚುತ್ತದೆ. ಸಪ್ಪೆಯಾದರೆ ಕೊಳೆಯುವುದು ನಿಲ್ಲದು. ಕಾಮಾಲೆಯಿಂದ ಸತ್ತವರ ಹಳದಿ ಮೈ ಫಾರ್ಮಲಿನ್ ತಗುಲಿದರೆ ಹಸಿರಿಗೆ ತಿರುಗುತ್ತದೆ. ಶವಪರೀಕ್ಷೆಯಾದ ದೇಹದಲ್ಲಿ ಕಾಲುವೆಗಳೆಲ್ಲ ತುಂಡಾಗಿರುವುದರಿಂದ ತಲೆ, ಕೈ, ಕಾಲುಗಳಿಗೆ ಬೇರೆ ಬೇರೆಯಾಗಿಯೇ ಮದ್ದು ಹಾಯಿಸಬೇಕು. ಕಲಿಯುವವರ ಕಣ್ಣು, ಕಿವಿ, ಉಗುರುಗಳ ಬಣ್ಣವನ್ನು ನೋಡುತ್ತಿರಬೇಕು. ಕೈ, ಚರ್ಮದ ಬಿಗಿಯನ್ನು ಅಳೆಯುತ್ತಿರಬೇಕು. ತಮ್ಮ ಮೈಯನ್ನೂ ಅವರು ಕಾಯ್ದುಕೊಳ್ಳಬೇಕು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಕೈಗವಸು, ಮುಖವಾಡ, ಚೆನ್ನಾಗಿ ಗಾಳಿಯಾಡುವ ಕೋಣೆ ಇವೂ ಪಾಠದ ಅಂಗಗಳೇ. ಆಸ್ಟ್ರಿಯದ ವಾಲ್ಟರ್ ಥೀಲ್ ೧೯೯೨ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಫಾರ್ಮಲಿನ್ ಅತ್ಯಲ್ಪ. ದೇಹದ ಕೀಲುಗಳು ಮೃದುವಾಗಿಯೇ ಉಳಿಯುವುದರಿಂದ ಶಸ್ತ್ರವೈದ್ಯರ ಅಭ್ಯಾಸಕ್ಕೆ ಅದು ಅನುಕೂಲ.

ಇಷ್ಟಾದರೂ ಇದು ಶಾಶ್ವತವೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೨೪ರಲ್ಲಿ ತೀರಿಕೊಂಡ ಲೆನಿನ್ನನ ದೇಹವನ್ನು ಮಾಸ್ಕೋದಲ್ಲಿ ಇಂದಿಗೂ ಉಳಿಸಿಕೊಂಡಿರುವುದು ಒಂದು ಬಾರಿಯ ಕೆಲಸದಿಂದಲ್ಲ. ಕಾಲಕಾಲಕ್ಕೆ ನಡೆಯುವ ಎಡೆಬಿಡದ ಉಪಚಾರದಿಂದ. ಗಡುವನ್ನು ಮತ್ತೆ ಮತ್ತೆ ಕೇಳಬಹುದು, ಸಾಲವನ್ನು ತೀರಿಸಲಾಗದು.

ನಮ್ಮ ನಾಡಿನಲ್ಲಿ

ದಹನವಾಗಲಿ ದಫನವಾಗಲಿ, ಬೇಗ ಮುಗಿಸುವುದು ನಮ್ಮ ನಾಡಿನ ರೂಢಿ. ಆದ್ದರಿಂದ ಅಮೆರಿಕದಲ್ಲಿರುವಂತೆ ಈ ಕಸುಬಿನ ಶಾಲೆಗಳು ಇಲ್ಲಿ ಬೆಳೆಯಲಿಲ್ಲ. ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರ ವಿಭಾಗಗಳೇ ಇಲ್ಲಿ ಗುರುಕುಲಗಳು. ಆ ಶಾಸ್ತ್ರದಲ್ಲಿ ಉನ್ನತ ಪದವಿಗೆ ಓದುವ ವೈದ್ಯರು ಇದನ್ನು ಕಲಿಯುತ್ತಾರೆ. ಆದರೆ ಬದುಕು ದೂರ ದೂರಕ್ಕೆ ಹಬ್ಬಿರುವ ಈ ಕಾಲದಲ್ಲಿ ಭರತನಿಗಾಗಿ ಕಾದ ಅಯೋಧ್ಯೆಯ ಚಿಂತೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಚಿಂತೆಯಾಗಿದೆ. ಕೊಲ್ಲಿ ನಾಡುಗಳಿಗೆ ದುಡಿಯಲು ಹೋದ ಮಗ ಅಲ್ಲಿಯೇ ಕಣ್ಣುಮುಚ್ಚಿದರೆ, ಎಂಬಾಮಿಂಗ್ ಆಗಿದೆಯೆಂಬ ಪ್ರಮಾಣಪತ್ರವಿಲ್ಲದೆ ಅವನ ದೇಹ ವಿಮಾನವೇರಲಾರದು. ಮನೆಯವರಿಗೆ ಅವನ ಮುಖ ಕಾಣಿಸುವುದೋ ಇಲ್ಲವೋ ಎಂಬುದು ಹೆಸರರಿಯದ ಯಾರೋ ಒಬ್ಬರ ಕೈಚಳಕವನ್ನು ಅವಲಂಬಿಸಿರುತ್ತದೆ.

ಇನ್ನೊಂದು ಬಗೆಯ ಕಾಯುವಿಕೆಯೂ ಇದೆ. ವಾರಸುದಾರರಿಲ್ಲದ ದೇಹಗಳನ್ನು ಬೋಧನೆಗೆ ಒದಗಿಸಲು ನಮ್ಮ ರಾಜ್ಯದಲ್ಲಿ ೧೯೫೭ರಲ್ಲಿಯೇ ಕಾನೂನು ಬಂದಿತು. ಅದಕ್ಕಿಂತ ಹಿರಿದಾದುದು ತಾವಾಗಿಯೇ ದೇಹದಾನಕ್ಕೆ ಮುಂದಾಗುವವರ ಔದಾರ್ಯ. ಬೆಳಗಾವಿಯಲ್ಲಿ ೨೦೧೦ರಲ್ಲಿ ನಡೆದ ಪ್ರಸಂಗವೊಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆಯುರ್ವೇದ ವೈದ್ಯರಾಗಿದ್ದ ಹಿರಿಯರೊಬ್ಬರು ತಮ್ಮ ದೇಹವನ್ನು ಬೋಧನೆಗೆ ಮೀಸಲಿಟ್ಟಿದ್ದರು. ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಮಗನೇ ಅದನ್ನು ಛೇದಿಸಿ ಪಾಠ ಹೇಳಬೇಕೆಂಬುದು ಅವರ ಇಚ್ಛೆ. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಮಗನು ತಂದೆಯ ದೇಹದ ಮುಂದೆ ನಿಂತು, ವಿದ್ಯಾರ್ಥಿಗಳ ಸಮಕ್ಷಮದಲ್ಲಿ ಆ ಮಾತನ್ನು ನಡೆಸಿಕೊಟ್ಟರು. ಆ ಎರಡು ವರ್ಷಗಳ ಗಡುವನ್ನು ದೊರಕಿಸಿಕೊಟ್ಟದ್ದು ಕೆಲವು ಲೀಟರ್ ದ್ರವ, ಮತ್ತು ಅದನ್ನು ಆತುರಪಡದೆ ಹರಿಯಬಿಡಲು ಕಲಿತಿದ್ದ ಕೈ.