ಕಿತ್ತಳೆ ನೆಗೆಟಿವ್‌ನ ಲೆಕ್ಕ

ಸ್ಟುಡಿಯೊದಿಂದ ಫೋಟೊ ತರುವಾಗ ಕವರಿನ ಒಳಜೇಬಿನಲ್ಲಿ ಕತ್ತರಿಸಿದ ನೆಗೆಟಿವ್ ಪಟ್ಟಿಗಳೂ ಬರುತ್ತಿದ್ದವು. ಪ್ರಿಂಟ್‌ಗಳು ಆಲ್ಬಮ್ ಸೇರಿದವು, ಪಟ್ಟಿಗಳು ಬೀರುವಿನ ಮೂಲೆ ಹಿಡಿದವು. ವರ್ಷಗಳು ಕಳೆದು ಪ್ರಿಂಟ್‌ಗಳ ಬಣ್ಣ ಮಾಸಿ, ಕೆಲವು ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೇ ಅಂಟಿಕೊಂಡಾಗ ಮನೆಯವರಿಗೆ ಆ ಪಟ್ಟಿಗಳ ನೆನಪಾಗುತ್ತದೆ. ಮೂಲಚಿತ್ರ ಇರುವುದು ಅವುಗಳಲ್ಲೇ. ಪ್ರಿಂಟಿನಲ್ಲಿ ಕಾಣದ ಎಷ್ಟೋ ವಿವರ ಅಲ್ಲಿ ಇನ್ನೂ ಉಳಿದಿರುತ್ತದೆ.

ಆದರೆ ನೆಗೆಟಿವ್ ಕೂಡ ಸವೆಯುವ ವಸ್ತು. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಕತ್ತಲಲ್ಲಿಟ್ಟರೂ ನಿಧಾನವಾಗಿ ಮಾಸುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವದಿಂದ ಫಿಲ್ಮಿನ ಮೇಲಿನ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗೆ ಬೂಷ್ಟು ಹಿಡಿದ ನೆಗೆಟಿವ್ವನ್ನು ನೀರಿನಲ್ಲಿ ತೊಳೆಯುವುದು ದೊಡ್ಡ ತಪ್ಪು: ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಬಹುದು, ಅದರ ಜೊತೆ ಚಿತ್ರವೂ ಹೋಗಬಹುದು. ಹಳೆಯ ಫಿಲ್ಮುಗಳ ಅಸಿಟೇಟ್ ಹಾಳೆ ಶಾಖ, ತೇವಗಳಿಗೆ ಸಿಕ್ಕಿ ಒಡೆಯತೊಡಗಿದರೆ ಅಸಿಟಿಕ್ ಆಮ್ಲ ಹೊರಬಿದ್ದು ಡಬ್ಬಿ ತೆರೆದ ಕೂಡಲೇ ವಿನಿಗರ್ ವಾಸನೆ ಹೊಡೆಯುತ್ತದೆ. ಆ ವಾಸನೆ ಬಂದ ಪಟ್ಟಿಗಳನ್ನು ಮೊದಲು ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು.

ಜೆರಾಕ್ಸ್ ಅಂಗಡಿಯ ಸಾಮಾನ್ಯ ಸ್ಕ್ಯಾನರ್ ಈ ಕೆಲಸಕ್ಕೆ ಬಾರದು. ಅದು ಕಾಗದದ ಮೇಲೆ ಬಿದ್ದು ಹಿಂದಿರುಗುವ ಬೆಳಕನ್ನು ಓದುತ್ತದೆ. ನೆಗೆಟಿವ್‌ಗೆ ಬೇಕಾದದ್ದು ಹಿಂದಿನಿಂದ ಹಾಯ್ದು ಬರುವ ಬೆಳಕು. ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್‌ಗಳಿವೆ. ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೊ ಲೆನ್ಸ್ ಇದ್ದವರು ಒಂದು ಎಲ್‌ಇಡಿ ಲೈಟ್ ಪ್ಯಾಡ್ ತಂದುಕೊಂಡರೆ ನೆಗೆಟಿವ್‌ನ ಫೋಟೊವನ್ನೇ ತೆಗೆಯಬಹುದು. 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದನ್ನು ಚೌಕಟ್ಟು ತುಂಬ ಹಿಡಿದರೆ ಇಂಚಿಗೆ 4,200ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಮನೆಯ ಫೋಟೊಗಳಿಗೆ ಇದು ಧಾರಾಳ.

ಕ್ಯಾಮೆರಾ ನೆಗೆಟಿವ್‌ಗೆ ಕರಾರುವಾಕ್ಕಾಗಿ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಇದನ್ನು ನೋಡಲು ನೆಗೆಟಿವ್ ಇಡುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡುತ್ತಾರೆ. ಕ್ಯಾಮೆರಾದ ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಕಂಡರೆ ಎರಡೂ ನೇರವಾಗಿವೆ ಎಂದರ್ಥ. ಆಮೇಲೆ ಕೋಣೆಯ ದೀಪ ಆರಿಸಿ, ಗಾಳಿ ಊದುವ ರಬ್ಬರ್ ಬಲ್ಬಿನಿಂದ ದೂಳು ಹಾರಿಸಿ, ಟೈಮರ್ ಹಾಕಿ, ರಾ (ಕಚ್ಚಾ) ಫೈಲಿನಲ್ಲಿ ಚಿತ್ರ ತೆಗೆಯಬೇಕು. ಚೌಕಟ್ಟಿನ ಸುತ್ತ ಫಿಲ್ಮಿನ ಖಾಲಿ ಅಂಚೂ ಸ್ವಲ್ಪ ಸೇರಿರಲಿ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಆ ಅಂಚಿನ ಮೇಲೆ.

ಬಣ್ಣದ ನೆಗೆಟಿವ್ ಕಿತ್ತಳೆಯಾಗಿರುವುದೇಕೆ? ಫಿಲ್ಮಿನಲ್ಲಿ ಸಯಾನ್, ಮಜೆಂಟಾ, ಹಳದಿ ವರ್ಣಗಳ ಮೂರು ಪದರಗಳಿವೆ. ಮಜೆಂಟಾ ತಡೆಯಬೇಕಾದದ್ದು ಹಸಿರು ಬೆಳಕನ್ನು ಮಾತ್ರ, ಆದರೆ ಸ್ವಲ್ಪ ನೀಲಿಯನ್ನೂ ತಡೆಯುತ್ತದೆ. ಸಯಾನ್ ಕೂಡ ಕೆಂಪಿನ ಜೊತೆ ತನಗೆ ಸಂಬಂಧಿಸದ ಬಣ್ಣಗಳನ್ನು ನುಂಗುತ್ತದೆ. ಕೊಡಾಕ್ ಕಂಪನಿಯ ವಿಜ್ಞಾನಿ ವೆಸ್ಲಿ ಹ್ಯಾನ್ಸನ್ 1940ರ ದಶಕದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರ ಕಂಡುಕೊಂಡರು. ವರ್ಣವನ್ನು ಹುಟ್ಟಿಸುವ ರಾಸಾಯನಿಕಕ್ಕೇ ಮೊದಲು ಒಂದು ಬಣ್ಣವಿರುತ್ತದೆ. ವರ್ಣ ಮೂಡಿದಲ್ಲಿ ಆ ಬಣ್ಣ ಅಳಿಯುತ್ತದೆ, ಮೂಡದಲ್ಲಿ ಉಳಿಯುತ್ತದೆ. ಹಾಗಾಗಿ ದೋಷವು ಚಿತ್ರದ ತುಂಬ ಒಂದೇ ಪ್ರಮಾಣದಲ್ಲಿ ಹರಡಿಕೊಳ್ಳುತ್ತದೆ. ಎಲ್ಲೆಡೆ ಒಂದೇ ಸಮನಾಗಿರುವ ದೋಷವನ್ನು ಪ್ರಿಂಟ್ ಹಾಕುವಾಗ ಕಳೆಯುವುದು ಸುಲಭ. ಕಣ್ಣಿಗೆ ಕಾಣುವ ಕಿತ್ತಳೆ ಬಣ್ಣ ಈ ಉಪಾಯದ ಫಲ.

ಕಂಪ್ಯೂಟರಿನಲ್ಲಿ ಬಣ್ಣಗಳನ್ನು ಬರಿದೇ ತಿರುವಿಹಾಕಿದರೆ ಕಿತ್ತಳೆ ಹೋಗಿ ಇಡೀ ಚಿತ್ರಕ್ಕೆ ನೀಲಿ ಕವಿಯುತ್ತದೆ. ಎಷ್ಟೋ ಮಂದಿ ಇಲ್ಲಿಗೇ ಕೈಬಿಡುತ್ತಾರೆ. ಡಾರ್ಕ್‌ಟೇಬಲ್ ಎಂಬ ಮುಕ್ತ ತಂತ್ರಾಂಶಕ್ಕೆ 2020ರಲ್ಲಿ ಸೇರಿದ ‘ನೆಗಾಡಾಕ್ಟರ್’ ಬಿಡಿಸುವುದು ಇದೇ ಗಂಟನ್ನು. ಔರೇಲಿಯನ್ ಪಿಯರ್ ಬರೆದ ಈ ಮಾಡ್ಯೂಲ್‌ಗೆ ಆಧಾರ, ಸಿನಿಮಾ ಫಿಲ್ಮ್ ಸ್ಕ್ಯಾನ್ ಮಾಡಲು ಕೊಡಾಕ್ ರೂಪಿಸಿದ ಸಿನಿಯಾನ್ ಪದ್ಧತಿ. ಮೊದಲು ಬೆಳಕು ಬೀಳದ ಖಾಲಿ ಅಂಚನ್ನು ಅದಕ್ಕೆ ತೋರಿಸಬೇಕು. ಫಿಲ್ಮಿನ ಸ್ವಂತ ಬಣ್ಣ ಎಷ್ಟೆಂದು ಅಲ್ಲಿಂದ ಓದಿಕೊಂಡು, ಅದರ ಮೇಲೆ ಎಷ್ಟು ಸಾಂದ್ರತೆ ಕೂಡಿದೆ ಎಂದು ಲೆಕ್ಕ ಹಾಕಿ ಅದು ಚಿತ್ರವನ್ನು ಕಟ್ಟುತ್ತದೆ. ಆಮೇಲೆ ನೆರಳಿನ ಭಾಗದ ಬಣ್ಣದೋಷವನ್ನೂ ಬೆಳಕಿನ ಭಾಗದ ಬಿಳುಪನ್ನೂ ಬೇರೆಬೇರೆಯಾಗಿ ತಿದ್ದಬಹುದು. ಮೂರು ವರ್ಣಗಳು ಒಂದೊಂದು ವೇಗದಲ್ಲಿ ಮಾಸಿರುವ ಹಳೆಯ ಫಿಲ್ಮಿಗೆ ಇದು ತೀರ ಅಗತ್ಯ. ಮದುವೆಯ ಫೋಟೊದಲ್ಲಿ ವರನ ಬಿಳಿ ಪಂಚೆಯ ಮೇಲೆ ಗುರುತಿಟ್ಟರೆ ಪಂಚೆ ಬೆಳ್ಳಗಾಗುತ್ತದೆ, ಅದರ ಹಿಂದೆಯೇ ಮುಖಗಳಿಗೆ ಜೀವ ಬರುತ್ತದೆ. ಉಳಿದ ಗುಂಡಿಗಳ ಹೆಸರುಗಳು ಕಾಗದದ ಗ್ರೇಡ್, ಕಾಗದದ ಕಪ್ಪು, ಕಾಗದದ ಹೊಳಪು; ಡಾರ್ಕ್‌ರೂಮಿನಲ್ಲಿ ದುಡಿದವರಿಗೆ ಇವು ಹಳೆಯ ಪರಿಚಯಸ್ಥರು. ನೆಗಾಡಾಕ್ಟರ್ ಬಳಸುವಾಗ ಡಾರ್ಕ್‌ಟೇಬಲ್‌ನ ಫಿಲ್ಮಿಕ್‌ನಂಥ ಇತರ ಟೋನ್ ಮಾಡ್ಯೂಲ್‌ಗಳನ್ನು ಆಫ್ ಮಾಡಿಡಬೇಕು. ಒಂದು ಚಿತ್ರಕ್ಕೆ ಹೊಂದಿಸಿದ್ದನ್ನು ಅದೇ ರೋಲಿನ ಉಳಿದವಕ್ಕೂ ನಕಲು ಮಾಡಬಹುದು. ಇದೇ ಉದ್ದೇಶಕ್ಕೆ ರಾಥೆರಪಿ ಎಂಬ ಮತ್ತೊಂದು ಮುಕ್ತ ತಂತ್ರಾಂಶದಲ್ಲೂ ಸಲಕರಣೆಯಿದೆ.

ಕಪ್ಪು–ಬಿಳುಪಿನದು ಸರಳ. ಮೈಸೂರಿನ ಟಿ.ಎಸ್. ಸತ್ಯನ್ ಅವರ ತಲೆಮಾರಿನ ಛಾಯಾಪತ್ರಕರ್ತರು ನೆಚ್ಚಿದ್ದ ಫಿಲ್ಮಾಗಲಿ, ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಾಗಲಿ, ಅದರಲ್ಲಿರುವುದು ಬೆಳ್ಳಿಯ ಕಣ. ಕಿತ್ತಳೆಯ ಕಾಟ ಅಲ್ಲಿಲ್ಲ. ಆದರೆ ಫಿಲ್ಮ್ ಸ್ಕ್ಯಾನರ್‌ಗಳು ಇನ್‌ಫ್ರಾರೆಡ್ ಬೆಳಕಿನಿಂದ ದೂಳು ಹುಡುಕಿ ಅಳಿಸುವ ತಂತ್ರ ಅಲ್ಲಿ ನಡೆಯದು, ಏಕೆಂದರೆ ಬೆಳ್ಳಿಯೂ ದೂಳಿನಂತೆಯೇ ಆ ಬೆಳಕನ್ನು ತಡೆಯುತ್ತದೆ.

ಹಾಗಾಗಿ ದೂಳಿನ ಗುರುತು ಅಳಿಸುವ ಕೊನೆಯ ಕೆಲಸ ಕೈಯಲ್ಲೇ ಆಗಬೇಕು. ಅದಕ್ಕೆ ಗಿಂಪ್ ಇದೆ. ಬರ್ಕ್‌ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ 1995ರಲ್ಲಿ ಶುರುಮಾಡಿದ ಈ ತಂತ್ರಾಂಶ 2018ರ 2.10 ಆವೃತ್ತಿಯಿಂದ 16 ಬಿಟ್ ಚಿತ್ರಗಳನ್ನೂ ತಿದ್ದಬಲ್ಲದು. ನೆಗೆಟಿವ್‌ನ ಇಕ್ಕಟ್ಟಾದ ಛಾಯೆಗಳನ್ನು ಹಿಗ್ಗಿಸುವಾಗ 8 ಬಿಟ್ ಸಾಲದೆ ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ. ಈ ಕಸುಬಿಗೆ ಆ ಬದಲಾವಣೆ ದೊಡ್ಡದು. ನೆಗೆಟಿವ್ ಮೇಲಿನ ದೂಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಹೀಲ್ ಸಲಕರಣೆಯಿಂದ ಪಕ್ಕದ ಭಾಗವನ್ನು ಆಯ್ದು ಮುಟ್ಟಿದರೆ ಚುಕ್ಕೆ ಮಾಯ. ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಅಜ್ಜಿಯ ಮುಖದ ಸುಕ್ಕನ್ನೂ ಫಿಲ್ಮಿನ ಕಣಗಳನ್ನೂ ನುಣ್ಣಗೆ ಸವರಿದರೆ ಉಳಿಯುವುದು ಯಾರದೋ ಗೊಂಬೆ ಮುಖ.

ಈ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿಲ್ಲ ಎನ್ನುವುದು ಅವುಗಳ ಸಣ್ಣ ಗುಣ. ಡಾರ್ಕ್‌ಟೇಬಲ್ ರಾ ಫೈಲನ್ನು ಮುಟ್ಟುವುದೇ ಇಲ್ಲ. ಮಾಡಿದ ತಿದ್ದುಪಡಿಗಳನ್ನು ಪಕ್ಕದಲ್ಲೊಂದು ಎಕ್ಸ್‌ಎಂಪಿ ಎಂಬ ಪುಟ್ಟ ಪಠ್ಯ ಫೈಲಿನಲ್ಲಿ ಬರೆದಿಡುತ್ತದೆ. ಮುಂದೆ ಯಾರಾದರೂ ಇದಕ್ಕಿಂತ ಚೆನ್ನಾಗಿ ಬಣ್ಣ ಹೊಂದಿಸಬಲ್ಲೆ ಎಂದರೆ ಮೊದಲಿನಿಂದ ಶುರುಮಾಡಬಹುದು. ಚಂದಾ ಮುಗಿಯಿತೆಂದು ಬಾಗಿಲು ಮುಚ್ಚುವವರಿಲ್ಲ. ಬ್ಯಾಕಪ್ ಮಾಡುವಾಗ ಆ ಎಕ್ಸ್‌ಎಂಪಿ ಫೈಲನ್ನೂ ರಾ ಜೊತೆಗೇ ನಕಲು ಮಾಡಬೇಕು. ಡಿಜಿಕ್ಯಾಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಚಿತ್ರದಲ್ಲಿರುವವರ ಹೆಸರು, ಊರು, ಸಂದರ್ಭವನ್ನು ಕನ್ನಡದಲ್ಲೇ ಬರೆದು ಫೈಲಿನೊಳಗೆ ಸೇರಿಸಬಹುದು. ಫಿಲ್ಮಿನ ಅಂಚಿನಲ್ಲಿ ಅಚ್ಚಾದ 12, 12ಎ ಎಂಬಂಥ ಸಂಖ್ಯೆಗಳನ್ನೂ ಬರೆದುಕೊಂಡರೆ ಯಾವುದರ ನಂತರ ಯಾವುದನ್ನು ತೆಗೆದದ್ದು ಎಂಬುದು ತಿಳಿಯುತ್ತದೆ.

ಸ್ಕ್ಯಾನ್ ಮುಗಿಯಿತೆಂದು ನೆಗೆಟಿವ್ ಎಸೆಯಬಾರದು. ಅದನ್ನು ಪಿವಿಸಿ ಪ್ಲಾಸ್ಟಿಕ್ಕಿನಿಂದ ತೆಗೆದು ಆಮ್ಲರಹಿತ ಕಾಗದ ಅಥವಾ ಪಾಲಿಪ್ರೊಪಿಲೀನ್ ಕವರಿಗೆ ಹಾಕಿ, ತಂಪಾದ ಒಣ ಜಾಗದಲ್ಲಿಡಬೇಕು. ವಿನಿಗರ್ ವಾಸನೆಯ ಪಟ್ಟಿಗಳಿಗೆ ಬೇರೆಯೇ ಡಬ್ಬಿ ಇರಲಿ. ಅವುಗಳಿಂದ ಏಳುವ ಆಮ್ಲದ ಆವಿ ಪಕ್ಕದಲ್ಲಿರುವ ಚೆನ್ನಾದ ಫಿಲ್ಮನ್ನೂ ಕೆಡಿಸುತ್ತದೆ.